ರೇಡಿಯೊ ಮಿಸ್ ಸುಮ್ಮನಾದ ದಿನಗಳು

ನಮ್ಮ ಶಾಲೆಯ ಮೇಲಿನ ಮಹಡಿಯಲ್ಲಿ ಮೊದಲು ಒಂದೇ ದೊಡ್ಡ ಹಜಾರವಿತ್ತಂತೆ. ಮಕ್ಕಳು ಹೆಚ್ಚಾದಾಗ ಅದರ ನಡುವೆ ಪ್ಲೈವುಡ್ ಹಲಗೆ ನಿಲ್ಲಿಸಿ ಎರಡು ತರಗತಿ ಮಾಡಿದರು. ಹಲಗೆಯ ಈಚೆ ನಾನು ಗಣಿತ ಹೇಳುತ್ತಿದ್ದೆ, ಆಚೆ ಅಕ್ಕ ವಿಜ್ಞಾನ ಹೇಳುತ್ತಿದ್ದರು. ಅಕ್ಕ ಎಂದರೆ ಒಡಹುಟ್ಟಿದವರಲ್ಲ. ನಾನು ಕೆಲಸಕ್ಕೆ ಸೇರಿದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲಿ ಕೂರುವುದೆಂದು ತಿಳಿಯದೆ ಬಾಗಿಲಲ್ಲೇ ನಿಂತಿದ್ದಾಗ, ತಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಗಾಜಿನ ನಳಿಕೆಗಳ ಡಬ್ಬಿಯನ್ನು ಎತ್ತಿ ಕೆಳಗಿಟ್ಟು, "ಬಾಮ್ಮ, ಕೂತ್ಕೋ" ಎಂದವರು ಅವರು. ಅಂದಿನಿಂದ ನನಗೆ ಅಕ್ಕ. ಮಕ್ಕಳಿಗೆ ಮಾತ್ರ ರೇಡಿಯೊ ಮಿಸ್.

ಆ ಹೆಸರು ಸುಮ್ಮಸುಮ್ಮನೆ ಬಂದದ್ದಲ್ಲ. ಅಕ್ಕನ ತಂದೆ ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವರು. ಬೆಳಗಿನ ಜಾವಕ್ಕೆ ಅವರು ಬಾಯಿ ತೆರೆದರೆ ಮೂರನೇ ಬೀದಿಯವರು ಹಾಸಿಗೆ ಬಿಟ್ಟು ಏಳುತ್ತಿದ್ದರಂತೆ. ಆ ಗಂಟಲು ನೇರವಾಗಿ ಮಗಳಿಗೆ ಬಂದಿತ್ತು. ಅಕ್ಕ ಹಾಜರಿ ತೆಗೆದುಕೊಂಡರೆ ಹಲಗೆಯ ಈಚೆ ನನ್ನ ಮಕ್ಕಳು ಬಾಯಿತಪ್ಪಿ "ಹಾಜರ್ ಮಿಸ್" ಎಂದುಬಿಡುತ್ತಿದ್ದರು. ನಾನು ಭಿನ್ನರಾಶಿ ಹೇಳಿಕೊಡುವಾಗ ಆ ಕಡೆಯಿಂದ ಹೃದಯದ ಕವಾಟಗಳು ತೂರಿ ಬರುತ್ತಿದ್ದವು. ಒಂದು ಸಲ ನನ್ನ ತರಗತಿಯ ಹುಡುಗಿಯೊಬ್ಬಳು ಗಣಿತದ ಉತ್ತರಪತ್ರಿಕೆಯಲ್ಲಿ ಛೇದದ ಬದಲು 'ಹೃತ್ಕರ್ಣ' ಎಂದು ಬರೆದಿದ್ದಳು.

ಬೈದುಕೊಳ್ಳುವಂಥ ಮಾತಾಗಿರಲಿಲ್ಲ ಅದು. ಅಕ್ಕನ ಪಾಠ ಕಿವಿಗೆ ಹಿತವಾಗಿರುತ್ತಿತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಹೇಳಿ ಹೇಳಿ ಒಂದೊಂದು ವಾಕ್ಯವೂ ನುಣ್ಣಗಾಗಿತ್ತು. ಅದರಲ್ಲೂ ಅವರು ಜೀವ ತೇಯ್ದು ಮಾಡುತ್ತಿದ್ದ ಪಾಠವೊಂದಿತ್ತು: ಪ್ರಯೋಗದಲ್ಲಿ ಚರಗಳು. ಯಾವುದನ್ನು ನಾವು ಬೇಕೆಂದೇ ಬದಲಿಸುತ್ತೇವೆಯೋ ಅದು ಸ್ವತಂತ್ರ ಚರ, ಅದರಿಂದಾಗಿ ಏನು ಬದಲಾಯಿತೆಂದು ಅಳೆಯುತ್ತೇವೆಯೋ ಅದು ಅವಲಂಬಿತ ಚರ, ಉಳಿದದ್ದನ್ನೆಲ್ಲ ಅಲುಗಾಡದ ಹಾಗೆ ಹಿಡಿದಿಡುತ್ತೇವಲ್ಲ, ಅವು ನಿಯಂತ್ರಿತ ಚರಗಳು. "ಇದೊಂದು ಗೊತ್ತಾದ್ರೆ ಸಾಕು, ಜೀವನದಲ್ಲಿ ಯಾರೂ ನಿಮ್ಮನ್ನ ಬಾಯಿಮಾತಲ್ಲಿ ಯಾಮಾರಿಸೋಕೆ ಆಗಲ್ಲ" ಎಂದು ಶುರು ಮಾಡಿದರೆ ಗಂಟೆ ಹೊಡೆಯುವವರೆಗೂ ನಿಲ್ಲುತ್ತಿರಲಿಲ್ಲ. ಪಾಠ ಮುಗಿದಾಗ ಮಕ್ಕಳು ಮೂರು ವ್ಯಾಖ್ಯೆಗಳನ್ನೂ ಗಿಳಿಯ ಹಾಗೆ ಒಪ್ಪಿಸುತ್ತಿದ್ದರು.

ಆ ವರ್ಷ ಎಂಟನೇ ತರಗತಿಗೆ ಅಕ್ಕ ಕಿರುಪರೀಕ್ಷೆಯಲ್ಲಿ ಹೊಸ ಪ್ರಶ್ನೆಯೊಂದನ್ನು ಕೊಟ್ಟರು. ಒಬ್ಬ ಹುಡುಗಿ ಎರಡು ಕುಂಡಗಳಲ್ಲಿ ಕಾಳು ಬಿತ್ತಿದಳು. ಒಂದಕ್ಕೆ ಗೊಬ್ಬರ ಹಾಕಿ ಕಿಟಕಿಯ ಬಳಿ ಇಟ್ಟಳು. ಇನ್ನೊಂದಕ್ಕೆ ಗೊಬ್ಬರ ಹಾಕದೆ ಮಂಚದ ಕೆಳಗೆ ಇಟ್ಟಳು. ಕಿಟಕಿಯ ಬಳಿಯದು ಚೆನ್ನಾಗಿ ಬಂತು. "ಗೊಬ್ಬರದಿಂದಲೇ ಬಂತು" ಎಂದಳು. ಒಪ್ಪುತ್ತೀರಾ?

ಹೆಚ್ಚುಕಡಿಮೆ ಎಲ್ಲರೂ ಒಪ್ಪಿದ್ದರು. ಒಪ್ಪಿ, ಕೆಳಗೆ ಮೂರು ವ್ಯಾಖ್ಯೆಗಳನ್ನು ಅಚ್ಚುಕಟ್ಟಾಗಿ ಬರೆದಿದ್ದರು. ಒಬ್ಬ ಮಾತ್ರ ಕಾರಣ ಕೊಟ್ಟಿದ್ದ: "ಒಪ್ಪುತ್ತೇನೆ, ಏಕೆಂದರೆ ಆ ಹುಡುಗಿ ಜಾಣೆ."

ನಾನು ನಕ್ಕೆ. ಅಕ್ಕ ನಗಲಿಲ್ಲ. ಪತ್ರಿಕೆಗಳ ಕಟ್ಟನ್ನು ಮೇಜಿನ ಮೇಲೆ ಕುಟ್ಟಿ ಸರಿಮಾಡುತ್ತ, "ಇನ್ನೇನು ಹೇಳೋದು ಬಾಕಿ ಇದೆ ಅಂತೀಯ? ಇದಕ್ಕಿಂತ ಬಿಡಿಸಿ ಹೇಳೋಕೆ ನನಗಂತೂ ಬರಲ್ಲ" ಎಂದರು. ಮರುದಿನ ಅದೇ ಪಾಠವನ್ನು ಮತ್ತೆ ಹೇಳಿದರು, ಇನ್ನೂ ಗಟ್ಟಿಯಾಗಿ. ಅದರ ಮರುವಾರ ಇನ್ನೊಮ್ಮೆ.

ಹಾಗೆ ಹೇಳುತ್ತಿದ್ದಾಗಲೇ ಒಂದು ಬೆಳಿಗ್ಗೆ ಹಲಗೆಯ ಆಚೆಯಿಂದ ಬರುತ್ತಿದ್ದ ದನಿ ಒಡೆಯಿತು. ನೀರು ನಿಂತುಹೋಗುವ ಮುನ್ನ ನಲ್ಲಿ ಕೆಮ್ಮುತ್ತದಲ್ಲ, ಹಾಗೆ ಎರಡು ಮೂರು ಸಲ ಕೆಮ್ಮಿ ನಿಂತೇಹೋಯಿತು. ನನ್ನ ತರಗತಿಯ ಮಕ್ಕಳೂ ಪೆನ್ಸಿಲ್ ಕೆಳಗಿಟ್ಟು ಹಲಗೆಯತ್ತ ನೋಡಿದರು. ನಾನು ಓಡಿ ಹೋದಾಗ ಅಕ್ಕ ಕಪ್ಪುಹಲಗೆಗೆ ಒರಗಿ ಗಂಟಲ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಹೆದರಿದ್ದರು.

ಸಂಜೆ ಗಂಟಲಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ವಯಸ್ಸಿನಲ್ಲಿ ಅಕ್ಕನಷ್ಟೇ ಇದ್ದ ಹೆಂಗಸು ಆಕೆ. ಸಣ್ಣ ಕನ್ನಡಿ ಹಾಕಿ ನೋಡಿ, ಧ್ವನಿತಂತುಗಳ ಮೇಲೆ ಎರಡೂ ಕಡೆ ಗಂಟಾಗಿದೆ ಎಂದರು. "ಕೂಗಿ ಕೂಗಿ ಆಗಿರೋದು. ಕೈಯಲ್ಲಿ ಕೆಲಸ ಮಾಡಿದ್ರೆ ಅಂಗೈ ಜಡ್ಡುಗಟ್ಟುತ್ತಲ್ಲ, ಅದೇ ತರ. ಪೂರ್ತಿ ಮೌನ ಇರಬೇಕು. ನಾನು ಹೇಳೋವರೆಗೂ ಒಂದು ಮಾತೂ ಬೇಡ. ಪಿಸುಗುಟ್ಟೋದಂತೂ ಬೇಡವೇ ಬೇಡ, ಅದು ಇನ್ನೂ ಕೆಟ್ಟದ್ದು. ವಾರಗಟ್ಟಲೆ ಆಗಬಹುದು. ಮನೇಲಿ ಯಾರ್ಯಾರಿದ್ದೀರಿ?"

ಅಕ್ಕ ಬಾಯಿ ತೆರೆದರು. ಡಾಕ್ಟರು ಬೆರಳೆತ್ತಿದರು. ನಾನೇ ಹೇಳಿದೆ: "ಇವರ ಯಜಮಾನರು, ಆಮೇಲೆ ಅತ್ತೆ. ಅತ್ತೆಗೆ ಕಿವಿ ಮಂದ. ಕೂಗಿ ಹೇಳಬೇಕು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಇವರು ಶಾಲೆಗೆ ಹೋಗೋದೇ ಕ್ಷೇಮ" ಎಂದರು, ಮುಖದಲ್ಲಿ ಒಂದಿಷ್ಟೂ ನಗೆಯಿಲ್ಲದೆ.

ಮುಖ್ಯೋಪಾಧ್ಯಾಯಿನಿ ರಜೆ ಹಾಕಿ ಎಂದರು. ಆದರೆ ಬದಲಿಗೆ ವಿಜ್ಞಾನ ಹೇಳುವವರು ಯಾರೂ ಇರಲಿಲ್ಲ. ಅಕ್ಕ ಆಗಲೇ ಕೈಯಲ್ಲೊಂದು ಸ್ಲೇಟು ಹಿಡಿದುಕೊಂಡು ಬಂದಿದ್ದರು. ಅದರ ಮೇಲೆ ಬರೆದು ತೋರಿಸಿದರು: "ಬರ್ತೀನಿ. ಬಾಯಿ ಮಾತ್ರ ಮನೇಲಿ ಬಿಟ್ಟು ಬರ್ತೀನಿ."

ಮೊದಲ ದಿನ ನೆಟ್ಟಗೆ ನಡೆಯಲಿಲ್ಲ. ಅಕ್ಕ ಪಾಠವನ್ನೆಲ್ಲ ಕಪ್ಪುಹಲಗೆಯ ಮೇಲೆ ಬರೆಯಲು ಹೋದರು. ಅವರ ಬೆನ್ನು ಈ ಕಡೆ ತಿರುಗಿದ್ದೇ ತಡ, ಮಕ್ಕಳು ಸಂತೆ ಮಾಡಿದರು. ಅಕ್ಕ ಡಸ್ಟರಿನಿಂದ ಮೇಜು ಕುಟ್ಟಿದರು. ಸೀಮೆಸುಣ್ಣದ ಧೂಳು ಎದ್ದಿತೇ ಹೊರತು ಗದ್ದಲ ಇಳಿಯಲಿಲ್ಲ. ಕೊನೆಗೆ ನಾನು ಹೋಗಿ ಗದರಿಸಬೇಕಾಯಿತು. ಊಟದ ಬಿಡುವಿನಲ್ಲಿ ಅಕ್ಕ ಸ್ಟಾಫ್ ರೂಮಿನ ಮೂಲೆಯಲ್ಲಿ ಡಬ್ಬಿಯ ಮುಚ್ಚಳವನ್ನೂ ತೆರೆಯದೆ ಕೂತಿದ್ದರು. ಸ್ಲೇಟಿನ ಮೇಲೆ ಏನೋ ಬರೆದು ನನ್ನತ್ತ ತಿರುಗಿಸಿದರು: "ಇಷ್ಟು ವರ್ಷ ಮಾಡಿದ್ದು ಇಷ್ಟೇನಾ?" ಮರುಕ್ಷಣವೇ ಸೆರಗಿನಿಂದ ಅದನ್ನು ಒರೆಸಿಬಿಟ್ಟರು. ಅದೇ ಸೆರಗಿನಿಂದ ಕಣ್ಣನ್ನೂ ಒರೆಸಿಕೊಂಡರು. ಕೆನ್ನೆಗೆ ಸುಣ್ಣ ಅಂಟಿಕೊಂಡಿತು.

ಅಕ್ಕನ ಯಜಮಾನರಿಗೆ ಸ್ಕೂಟರ್ ರಿಪೇರಿಯ ಗ್ಯಾರೇಜಿದೆ. ಮನೆಯ ಕೆಳಗೇ ಅಂಗಡಿ, ಮೇಲೆ ವಾಸ. ಆ ಸಂಜೆ ಅಕ್ಕ ಗ್ಯಾರೇಜಿಗೆ ಇಳಿದು, ಹಳೆಯ ಬೋಲ್ಟುಗಳ ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಸಣ್ಣದು ದೊಡ್ಡದು ಆರಿಸತೊಡಗಿದರಂತೆ. ಯಜಮಾನರು ಯಾಕೆ ಏನು ಎಂದು ಕೇಳಿದ್ದಕ್ಕೆ ಬರೀ ಕೈಸನ್ನೆ. ಅವರು ಒಂದು ಸ್ಕೂಟರಿನ ಹಣೆಬರಹವನ್ನೆಲ್ಲ, ಅದರ ಮಾಲೀಕನ ಪುರಾಣವನ್ನೆಲ್ಲ ಹೇಳಿ ಮುಗಿಸಿ, "ಮದುವೆಯಾದ ಮೇಲೆ ನನ್ನ ಮಾತು ಕೊನೆ ಮುಟ್ಟಿದ್ದು ಇವತ್ತೇ ಮೊದಲು ನೋಡು" ಎಂದರಂತೆ. ಆಮೇಲೆ ಬೋಲ್ಟುಗಳ ಎಣ್ಣೆ ಜಿಡ್ಡನ್ನು ತಾವೇ ಒರೆಸಿ, ಬಟ್ಟೆಯಲ್ಲಿ ಸುತ್ತಿ ಅಕ್ಕನ ಚೀಲಕ್ಕೆ ಹಾಕಿದರಂತೆ.

ಮರುದಿನದ ಪಾಠವನ್ನು ನಾನು ಕಣ್ಣಾರೆ ನೋಡಿದೆ. ಹುಡುಗರನ್ನು ಹತೋಟಿಯಲ್ಲಿಡಲು ಹಿಂದಿನ ಬೆಂಚಿನಲ್ಲಿ ಕೂತಿರು ಎಂದು ಮುಖ್ಯೋಪಾಧ್ಯಾಯಿನಿ ನನ್ನನ್ನು ಕಳಿಸಿದ್ದರು. ಅಕ್ಕ ಕಿಟಕಿಯ ಸರಳಿಗೆ ಒಂದು ದಾರ ಕಟ್ಟಿದರು. ದಾರದ ತುದಿಗೆ ಸಣ್ಣ ಬೋಲ್ಟು. ಅದನ್ನು ಪಕ್ಕಕ್ಕೆಳೆದು ಬಿಟ್ಟರು. ಅತ್ತಿಂದಿತ್ತ ಆಡತೊಡಗಿತು. ಗೋಡೆ ಗಡಿಯಾರದ ಕಡೆ ಬೆರಳು ತೋರಿಸಿ, ಎಣಿಸಿ ಎಂದು ಸನ್ನೆ ಮಾಡಿದರು. ಏನು ನಡೆಯುತ್ತಿದೆ ಎಂದು ತಿಳಿಯದ ಕುತೂಹಲಕ್ಕೇ ಗದ್ದಲ ಅರ್ಧ ಇಳಿಯಿತು. ಮಕ್ಕಳು ಒಂದು ನಿಮಿಷದ ತೂಗಾಟಗಳನ್ನು ಎಣಿಸಿದರು. ಅಕ್ಕ ಸಂಖ್ಯೆಯನ್ನು ಕಪ್ಪುಹಲಗೆಗೆ ಹಾಕಿದರು. ನಂತರ ಆ ದಾರ ಬಿಚ್ಚಿ, ಅದಕ್ಕಿಂತ ಉದ್ದದ ದಾರ ಕಟ್ಟಿ, ಅದಕ್ಕೆ ಹೆಬ್ಬೆರಳು ಗಾತ್ರದ ಬೋಲ್ಟು ಸಿಕ್ಕಿಸಿದರು. ಮತ್ತೆ ಎಣಿಕೆ. ಈ ಸಲ ಕಡಿಮೆ ಬಂತು. ಅಕ್ಕ ಬರೆದರು: "ಯಾಕೆ ನಿಧಾನ ಆಯಿತು?"

"ಭಾರ ಮಿಸ್" ಎಂದ ಒಬ್ಬ. ಎಲ್ಲದಕ್ಕೂ ವಾದ ಹೂಡುವ ಅವನನ್ನು ಮಕ್ಕಳು ವಕೀಲ ಎಂದೇ ಕರೆಯುತ್ತಿದ್ದರು. ಅವನಪ್ಪ ಬೇಕರಿಯವರು. "ಭಾರ ಇರೋದು ಮೆಲ್ಲಗೆ ತಾನೇ ಹೋಗೋದು? ಲಾರಿ ನೋಡಿ, ಸೈಕಲ್ ನೋಡಿ."

"ಲಾರಿ ಮೆಲ್ಲಗೆ ಹೋಗುತ್ತಾ?" ಎಂದಳು ಬಾಗಿಲ ಪಕ್ಕದ ಬೆಂಚಿನ ಹುಡುಗಿ. ಬಾಗಿಲು ತೆಗೆದು ಹಾಕುವ ಜವಾಬ್ದಾರಿ ಅವಳದು, ಹಾಗಾಗಿ ಅವಳು ಎಲ್ಲರಿಗೂ ವಾಚ್‌ಮನ್. "ದಾರ ಉದ್ದ ಆಗಿದ್ದಕ್ಕೆ. ಉಯ್ಯಾಲೆ ನೋಡಿಲ್ವಾ ನೀನು?"

ತರಗತಿ ಎರಡು ಪಕ್ಷವಾಯಿತು. ಭಾರದವರು ಒಂದು ಕಡೆ, ಉದ್ದದವರು ಒಂದು ಕಡೆ. ಸುಮ್ಮನೆ ಕೂತವರನ್ನೂ ಎರಡೂ ಕಡೆಯವರು ಎಳೆಯುತ್ತಿದ್ದರು. ಎಲ್ಲರ ಕಣ್ಣೂ ಅಕ್ಕನ ಮೇಲೆ. ಆ ಹೊತ್ತಿನಲ್ಲಿ ಅವರ ಮುಖ ನೋಡಬೇಕಿತ್ತು. ಉತ್ತರ ನಾಲಿಗೆಯ ತುದಿಗೆ ಬಂದು ಕೂತಿದೆ, ತುಟಿ ಬಿಚ್ಚಿದೆ, ಎದೆ ತುಂಬ ಉಸಿರೆಳೆದುಕೊಂಡಿದ್ದಾರೆ. ಅಷ್ಟರಲ್ಲಿ ನೆನಪಾಗಿ ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಸೀಮೆಸುಣ್ಣದತ್ತ ಕೈ ಚಾಚಿದರು.

ಅಷ್ಟರಲ್ಲಿ ವಾಚ್‌ಮನ್ ಎದ್ದು ಬಂದಳು. "ತಾಳಿ ಮಿಸ್" ಎಂದು ದೊಡ್ಡ ಬೋಲ್ಟು ಬಿಚ್ಚಿ, ಅದೇ ಉದ್ದದ ದಾರಕ್ಕೆ ಮೊದಲಿನ ಸಣ್ಣ ಬೋಲ್ಟು ಕಟ್ಟಿದಳು. ವಕೀಲನತ್ತ ತಿರುಗಿ, "ಮಿಸ್ ಎರಡೂ ಒಟ್ಟಿಗೇ ಬದಲಾಯಿಸಿಬಿಟ್ರು ಕಣೋ. ಹಂಗಾದ್ರೆ ಯಾವುದನ್ನ ಬೈಯೋದು? ಈಗ ನೋಡು, ಒಂದನ್ನೇ ಬದಲಾಯಿಸಿದೀನಿ" ಎಂದಳು.

ಎಣಿಸಿದರು. ಸಣ್ಣ ಬೋಲ್ಟಾದರೂ ನಿಧಾನವೇ. ವಕೀಲ ಸೋಲೊಪ್ಪಲಿಲ್ಲ. ಗಿಡ್ಡ ದಾರಕ್ಕೆ ದೊಡ್ಡ ಬೋಲ್ಟು ಕಟ್ಟಿಸಿದ. ಅದು ಸಣ್ಣ ಬೋಲ್ಟಿನಷ್ಟೇ ಚುರುಕಾಗಿ ಆಡಿತು. ಅವನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, "ಹಂಗಾದ್ರೆ ಭಾರದ ಮೇಲೆ ಕೇಸಿಲ್ಲ, ಬಿಟ್ಟುಬಿಡಿ" ಎಂದ. ಆಮೇಲೆ ಇನ್ನೊಬ್ಬ, ಎಷ್ಟು ದೂರ ಎಳೆದು ಬಿಡುತ್ತೇವೆ ಎನ್ನುವುದನ್ನೂ ಒಂದೇ ಸಮ ಇಡಬೇಕಲ್ಲವೇ ಎಂದು ಕೇಳಿದ. ಗೋಡೆಯ ಮೇಲೆ ಗುರುತು ಹಾಕಿದರು. ಗಂಟೆ ಹೊಡೆದದ್ದು ಯಾರಿಗೂ ಬೇಕಿರಲಿಲ್ಲ.

ಕೊನೆಗೆ ಅಕ್ಕ ಕಪ್ಪುಹಲಗೆಯನ್ನು ಮೂರು ಪಾಲು ಮಾಡಿ, ಮಕ್ಕಳ ಬಾಯಿಂದ ಬಂದದ್ದನ್ನೇ ಬರೆದರು: ನಾವು ಬದಲಿಸಿದ್ದು. ನಾವು ಎಣಿಸಿದ್ದು. ನಾವು ಮುಟ್ಟದೆ ಬಿಟ್ಟದ್ದು. ಅದರ ಕೆಳಗೆ ಪುಸ್ತಕದಲ್ಲಿರುವ ಹೆಸರುಗಳನ್ನು, ಸ್ವತಂತ್ರ, ಅವಲಂಬಿತ, ನಿಯಂತ್ರಿತ ಎಂದು, ಒಂದೊಂದಾಗಿ ಹಚ್ಚಿದರು. ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದವನು, ಪರೀಕ್ಷೆಯಲ್ಲಿ "ಆ ಹುಡುಗಿ ಜಾಣೆ" ಎಂದು ಬರೆದಿದ್ದವನು, "ಓ, ಇದನ್ನೇನಾ ಮಿಸ್ ಅಷ್ಟು ದಿನದಿಂದ ಹೇಳ್ತಿದ್ದಿದ್ದು" ಎಂದ. ಅಕ್ಕನಿಗೆ ಕೇಳಿಸಿತು. ಭುಜ ಕುಲುಕಿಸಿ ನಕ್ಕರು, ಸದ್ದಿಲ್ಲದೆ.

ಅಲ್ಲಿಂದ ಮುಂದೆ ಅಕ್ಕ ಮೋಸ ಮಾಡಲು ಶುರುಮಾಡಿದರು. ಬೇರೆ ಪದ ನನಗೆ ತೋಚುತ್ತಿಲ್ಲ. ಮೇಜಿನ ಮೇಲೆ ಎರಡು ಲೋಟ ನೀರಿಡುವರು, ಒಂದರಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು. ಎರಡಕ್ಕೂ ಒಂದೊಂದು ಚಮಚ ಸಕ್ಕರೆ. ಯಾವುದರಲ್ಲಿ ಬೇಗ ಕರಗುತ್ತದೆ ಎಂಬುದು ಪ್ರಶ್ನೆ. ಆಮೇಲೆ ಏನೂ ಅರಿಯದವರ ಹಾಗೆ ಬಿಸಿನೀರಿನ ಲೋಟವನ್ನು ಮಾತ್ರ ಚಮಚದಿಂದ ಕದಡುವರು. ಇಡೀ ತರಗತಿ "ಮಿಸ್, ಮೋಸ" ಎಂದು ಮೇಲೇಳುವುದು. ಅಕ್ಕ ಕೈ ಮುಗಿದು ಮತ್ತೆ ಮೊದಲಿನಿಂದ ಆರಂಭಿಸುವರು. ಮರುದಿನ ಕದಡುವುದಿಲ್ಲ, ಆದರೆ ಒಂದರ ಸಕ್ಕರೆಯನ್ನು ಮನೆಯಲ್ಲೇ ಪುಡಿಮಾಡಿ ತಂದಿರುವರು. ಅದನ್ನು ಹಿಡಿಯಲು ಮಕ್ಕಳು ಮೂಗು ಲೋಟಕ್ಕೆ ತಾಗುವಷ್ಟು ಬಗ್ಗಿ ನೋಡುವರು. ಕಾಗದದ ಗಿರಿಗಿಟ್ಟಲೆ ಕೆಳಗೆ ಬಿಡುವ ಪ್ರಯೋಗದಲ್ಲಿ ರೆಕ್ಕೆಯ ಉದ್ದ ಬದಲಿಸುತ್ತಿದ್ದೇವೆ ಎಂದು ತೋರಿಸಿ, ಬಾಲಕ್ಕೆ ಕದ್ದು ಒಂದು ಪಿನ್ನು ಚುಚ್ಚಿರುವರು.

ಒಂದು ಮಧ್ಯಾಹ್ನ "ಮೋಸ, ಮೋಸ" ಎಂಬ ಕೂಗು ಕೆಳಗಿನ ಕಚೇರಿಗೂ ಕೇಳಿಸಿ, ಮುಖ್ಯೋಪಾಧ್ಯಾಯಿನಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. "ಏನ್ರೀ ಇದು, ಯಾರು ಯಾರಿಗೆ ಮೋಸ ಮಾಡಿದ್ರು?"

"ಮಿಸ್ ನಮಗೆ ಮಾಡಿದ್ರು, ನಾವು ಹಿಡಿದ್ವಿ" ಎಂದಳು ವಾಚ್‌ಮನ್.

ಅಕ್ಕ ಪಿನ್ನನ್ನು ಎತ್ತಿ ಸಾಕ್ಷಿಯ ಹಾಗೆ ಹಿಡಿದು ತೋರಿಸಿದರು. ಮುಖ್ಯೋಪಾಧ್ಯಾಯಿನಿ ಒಂದು ಕ್ಷಣ ಆ ಪಿನ್ನನ್ನೂ ಮಕ್ಕಳನ್ನೂ ನೋಡಿ, ಬೆಂಚಿನ ತುದಿಯಲ್ಲಿ ಕೂತು, "ಇನ್ನೊಂದು ಸಲ ಮಾಡಿ ನೋಡೋಣ" ಎಂದರು. ಗದ್ದಲದಿಂದ ನನ್ನ ಗಣಿತ ಕೆಡುತ್ತಿತ್ತು, ನಿಜ. ನಾನು ದೂರಲಿಲ್ಲ. ಅಷ್ಟು ದಿನ ಹಲಗೆಯ ಆಚೆಯಿಂದ ಒಬ್ಬರ ದನಿ ಬರುತ್ತಿತ್ತು, ಈಗ ಮಕ್ಕಳ ದನಿ ಬರುತ್ತಿತ್ತು. ಅದನ್ನು ಕೇಳುತ್ತ ಕೇಳುತ್ತ ನಾನೂ ಲೆಕ್ಕ ಬಿಡಿಸಿ ತೋರಿಸುವುದನ್ನು ಕಡಿಮೆ ಮಾಡಿ, "ಇದರಲ್ಲಿ ನಾನೆಲ್ಲಿ ತಪ್ಪಿದೀನಿ?" ಎಂದು ಕೇಳಲು ಕಲಿತೆ. ಆ ಋಣ ನನ್ನ ಮೇಲಿದೆ.

ಮನೆಯಲ್ಲೂ ಏನೋ ಬದಲಾಗುತ್ತಿತ್ತು. ಅತ್ತೆ ಸೊಸೆ ಇಬ್ಬರೂ ಸನ್ನೆಗೆ ಬಿದ್ದಿದ್ದರು. ಮೊದಮೊದಲು ಉಪ್ಪು ಕೇಳಿದರೆ ಬಾಚಣಿಗೆ ಬರುತ್ತಿತ್ತಂತೆ. ಬರಬರುತ್ತ ಹುಬ್ಬು ಏರಿಸಿದರೂ ತಿಳಿಯುವಷ್ಟು ಹೊಂದಿಕೆಯಾಯಿತು. ಸನ್ನೆ ಮಾಡಬೇಕಾದರೆ ಎದುರು ಬಂದು ಕೂರಬೇಕು, ಮುಖ ನೋಡಬೇಕು. ಅಕ್ಕ ಮುಂಚೆ ಅಡುಗೆಮನೆಯಿಂದಲೇ ಕೂಗಿ ಹೇಳಿ ಮುಗಿಸುತ್ತಿದ್ದರು. ಒಂದು ಭಾನುವಾರ ಬಟ್ಟೆ ಮಡಚುತ್ತ ಅತ್ತೆ ಹೇಳಿದರಂತೆ: "ನೀನು ಯಾವಾಗಲೂ ನನ್ನ ಮೇಲೆ ಸಿಟ್ಟಲ್ಲಿ ಇರ್ತೀಯ ಅಂದ್ಕೊಂಡಿದ್ದೆ ಕಣಮ್ಮ. ನನಗೆ ಮಾತು ಸರಿಯಾಗಿ ಕೇಳಿಸ್ತಿರಲಿಲ್ಲ. ನಿನ್ನ ಮುಖ ಮಾತ್ರ ಕಾಣ್ತಿತ್ತು, ಕೂಗೋವಾಗ ಹೆಂಗಿರುತ್ತೆ ಮುಖ."

ಅಕ್ಕ ಇದನ್ನು ನನಗೆ ಸ್ಲೇಟಿನಲ್ಲಿ ಬರೆದು ತಿಳಿಸಿದರು, ಒರೆಸಿ ಒರೆಸಿ ನಾಲ್ಕು ಸಲಕ್ಕೆ. ಕೊನೆಯ ಸಲ ಬರೆದದ್ದು: "ಒಂದೇ ಮನೇಲಿದ್ದು ಅವರಿಗೆ ಹಾಗನ್ನಿಸಿತ್ತಲ್ಲ. ಈಗಲಾದ್ರೂ ಗೊತ್ತಾಯ್ತು, ಪುಣ್ಯ."

ಆ ದಿನಗಳಲ್ಲೇ ವಕೀಲನ ತಂದೆ ಶಾಲೆಗೆ ಬಂದರು. ತೋಳಿಗೆ ಹಿಟ್ಟು ಮೆತ್ತಿಕೊಂಡೇ ಬಂದಿದ್ದರು. ಬಾಯಿಲ್ಲದ ಟೀಚರು ಎಂಥ ಪಾಠ ಮಾಡುತ್ತಾರೆ ಎಂದು ಜಗಳಕ್ಕೆ ಬಂದರೇನೋ ಎಂದುಕೊಂಡೆ. ಅವರು ನೇರವಾಗಿ ಅಕ್ಕನ ಮುಂದೆ ನಿಂತರು.

"ನಿಮ್ಮ ಹತ್ರ ಒಂದು ವಿಷಯ ಹೇಳಬೇಕು ಮೇಡಂ. ಕೆಲವು ವಾರದಿಂದ ನಮ್ಮ ಬ್ರೆಡ್ ಉಬ್ತಾನೇ ಇರಲಿಲ್ಲ, ಇಟ್ಟಿಗೆ ತರ ಬರ್ತಿತ್ತು. ಮೈದಾ ಹೊಸ ಅಂಗಡಿದು, ಈಸ್ಟೂ ಹೊಸದು, ಒಲೆಗೂ ಆಗಷ್ಟೇ ರಿಪೇರಿ ಆಗಿತ್ತು. ನಾನು ಮೈದಾ ಅಂಗಡಿಯವನ ಜೊತೆ ಜಗಳ ಆಡಿಬಿಟ್ಟಿದ್ದೆ. ನಿಮ್ಮ ಶಿಷ್ಯ ಬಂದು, 'ಮೂರೂ ಒಟ್ಟಿಗೆ ಬದಲಾಯಿಸಿದೀಯಲ್ಲಪ್ಪ, ಮೈದಾನ ಯಾಕೆ ಬೈತೀಯ?' ಅಂತ ತಲೆ ತಿಂದ. ಸಣ್ಣ ಸಣ್ಣ ಉಂಡೆ ಮಾಡಿಸಿದ, ಒಂದರಲ್ಲಿ ಮಿಕ್ಕಿದ್ದ ಹಳೇ ಈಸ್ಟು, ಒಂದರಲ್ಲಿ ಹೊಸದು, ಉಳಿದದ್ದೆಲ್ಲ ಒಂದೇ. ಒಂದೇ ಒಲೆ, ಒಂದೇ ತಟ್ಟೆ. ಹೊಸ ಈಸ್ಟೇ ಕೆಟ್ಟದ್ದು ಮೇಡಂ. ಮೈದಾದವನ ಹತ್ರ ಹೋಗಿ ಕ್ಷಮೆ ಕೇಳಿ ಬಂದೆ."

ಅಕ್ಕ ಎದ್ದು ನಿಂತಿದ್ದರು. ಸ್ಲೇಟಿಗಾಗಿ ತಡಕಾಡಿ, ಸಿಗದೆ, ಎರಡೂ ಕೈಗಳಿಂದ ಆತನ ಹಿಟ್ಟಿನ ಕೈಯನ್ನು ಹಿಡಿದುಕೊಂಡರು.

"ಅವನ ವಾದ ಮೊದಲೂ ಇತ್ತು" ಎಂದರು ಬೇಕರಿಯವರು. "ಈಗ ವಾದಕ್ಕೊಂದು ದಾರಿ ಸಿಕ್ಕಿದೆ. ಅದನ್ನ ಹೇಳಿ ಹೋಗೋಣ ಅಂತ ಬಂದೆ."

ಮಾತು ಮರಳಿ ಬಂದದ್ದು ಒಂದೇ ಸಲಕ್ಕಲ್ಲ. ಡಾಕ್ಟರು ಮೊದಲು ಕೆಲವೇ ಮಾತಿಗೆ ಅಪ್ಪಣೆ ಕೊಟ್ಟರು. ಆಮೇಲೆ ದನಿಯ ವ್ಯಾಯಾಮ, ಹಬೆ, ಔಷಧಿ. ಗಂಟುಗಳು ಕರಗಿದವು. ಆದರೆ ಹಳೆಯ ದನಿ ಬರಲಿಲ್ಲ. ಬಂದದ್ದು ಮೆಲ್ಲಗಿನ, ಅಂಚು ಸ್ವಲ್ಪ ಒರಟಾದ ಬೇರೊಂದು ದನಿ. ಮೊದಲ ಸಲ ಅಕ್ಕ ತರಗತಿಯಲ್ಲಿ "ಕೂತ್ಕೊಳ್ಳಿ" ಎಂದಾಗ ಮಕ್ಕಳು ಕೂರುವುದನ್ನು ಬಿಟ್ಟು ಚಪ್ಪಾಳೆ ತಟ್ಟಿದರು. ಹಲಗೆಯ ಈಚೆ ಏನೂ ಕೇಳಿಸದ ನನ್ನ ಮಕ್ಕಳು ಚಪ್ಪಾಳೆ ಯಾಕೆಂದು ಕೇಳಿದರು. ನಾನು ಹೇಳಿದೆ. ಅವರೂ ತಟ್ಟಿದರು.

ಅವತ್ತು ಒಬ್ಬ ಹುಡುಗ ಕೇಳಿದನಂತೆ, ಯಾವುದರಿಂದ ವಾಸಿಯಾಯಿತು ಮಿಸ್ ಎಂದು. ವಕೀಲ ಬಿಡುತ್ತಾನೆಯೇ? "ಮಾತು ಬಿಟ್ರಿ, ಔಷಧಿ ತಗೊಂಡ್ರಿ, ಹಬೆ ಹಿಡಿದ್ರಿ, ವ್ಯಾಯಾಮ ಮಾಡಿದ್ರಿ. ಎಲ್ಲ ಒಟ್ಟಿಗೆ ಮಾಡಿದ್ರಿ. ಇದು ಸರಿಯಾದ ಪ್ರಯೋಗ ಅಲ್ಲ ಮಿಸ್."

"ಅಲ್ಲ ಕಣಪ್ಪ" ಎಂದು ಅಕ್ಕ ಒಪ್ಪಿಕೊಂಡರು. "ಗಂಟಲು ಕಟ್ಟಿದಾಗ ಪ್ರಯೋಗ ಮಾಡ್ತಾ ಕೂರೋಕೆ ಆಗಲ್ಲ. ಸಿಕ್ಕಿದ್ದೆಲ್ಲ ಮಾಡ್ತೀವಿ. ಯಾವುದರಿಂದ ಅಂತ ನನಗೂ ಗೊತ್ತಿಲ್ಲ. ಅದಕ್ಕೆ ಎಲ್ಲರಿಗೂ ಥ್ಯಾಂಕ್ಸ್ ಹೇಳಿ ಬಂದಿದೀನಿ. ಡಾಕ್ಟರಿಗೂ ಹೇಳಿದೆ, ನಮ್ಮತ್ತೆಗೂ ಹೇಳಿದೆ." ಅಷ್ಟು ಹೇಳುವುದರೊಳಗೆ ಆಯಾಸವಾಗಿ ಕುರ್ಚಿಯಲ್ಲಿ ಕೂತರಂತೆ. ವಾಚ್‌ಮನ್ ಎದ್ದು ಹೋಗಿ ನೀರಿನ ಬಾಟಲಿ ತಂದಿಟ್ಟಳು.

ವರ್ಷದ ಕೊನೆಯ ಪರೀಕ್ಷೆಯಲ್ಲಿ ಪ್ರಯೋಗದ ಪ್ರಶ್ನೆ ಬಂತು. ಎರಡು ಬಟ್ಟೆ, ಎರಡು ಸೋಪು, ಬಿಸಿನೀರು ತಣ್ಣೀರು ಎಲ್ಲ ಕಲಸಿದ ಪ್ರಶ್ನೆ. ಎಲ್ಲರೂ ಸರಿಯಾಗಿ ಬರೆದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವರು ಅಳೆದದ್ದನ್ನು ಬದಲಿಸಿದ್ದು ಎಂದು ತಿರುಗಾಮುರುಗಾ ಬರೆದಿದ್ದರು. ಒಬ್ಬಳು ಸೋಪಿನ ಬಣ್ಣದಲ್ಲೇ ಸಿಕ್ಕಿಹಾಕಿಕೊಂಡಿದ್ದಳು. ಆದರೆ ಬಹುತೇಕ ಎಲ್ಲರೂ ಒಂದು ಮಾತನ್ನು ತಮ್ಮದೇ ರೀತಿಯಲ್ಲಿ ಬರೆದಿದ್ದರು: ಸೋಪನ್ನೂ ನೀರನ್ನೂ ಒಟ್ಟಿಗೆ ಬದಲಿಸಿದ್ದಾರೆ, ಹಾಗಾಗಿ ಏನೂ ಹೇಳಲು ಬರುವುದಿಲ್ಲ. ಹಿಂದಿನ ಬೆಂಚಿನವನು, ಮತ್ತೆ ಪ್ರಯೋಗ ಮಾಡುವುದು ಹೇಗೆಂದು ಚಿತ್ರ ಸಮೇತ ತೋರಿಸಿದ್ದ. ವಕೀಲನ ಉತ್ತರ ಪುಟಗಟ್ಟಲೆ ಇತ್ತು, ಕೊನೆಗೆ "ಆದ್ದರಿಂದ ಸೋಪು ನಿರಪರಾಧಿ ಎಂದು ಈಗಲೇ ಹೇಳಲಾಗದು" ಎಂದು ಮುಗಿದಿತ್ತು. ಅಕ್ಕ ಅದನ್ನು ಓದಿ ಓದಿ ನಕ್ಕು, ಅಂಕ ಹಾಕಿ, ಪತ್ರಿಕೆಯನ್ನು ನನ್ನ ಕೈಗೂ ಕೊಟ್ಟರು.

ಆ ತರಗತಿ ನಮ್ಮ ಶಾಲೆ ಬಿಟ್ಟು ಹೈಸ್ಕೂಲಿಗೆ ಹೋಗುವ ದಿನ ಬಂತು. ಅವತ್ತು ಅಕ್ಕ ಬೆಂಚಿನಿಂದ ಬೆಂಚಿಗೆ ನಡೆದು, ಪ್ರತಿಯೊಬ್ಬರ ಪಕ್ಕದಲ್ಲೂ ಬಗ್ಗಿ, ಅವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಏನೋ ಹೇಳುತ್ತ ಹೋದರು. ನಾನು ಬಾಗಿಲಲ್ಲಿ ನಿಂತಿದ್ದೆ. ಬಾಗಿಲ ಪಕ್ಕದ ಹುಡುಗಿಗೆ ಹೇಳಿದ್ದು ಮಾತ್ರ ನನಗೂ ಕೇಳಿಸಿತು.

"ಅವತ್ತು ನೀನು 'ತಾಳಿ ಮಿಸ್' ಅಂದೆಯಲ್ಲ, ಇಲ್ಲದಿದ್ರೆ ನಾನು ಸೀಮೆಸುಣ್ಣ ತಗೊಂಡು ಉತ್ತರ ಬರೆದುಬಿಡ್ತಿದ್ದೆ. ಇಷ್ಟು ವರ್ಷ ಅದನ್ನೇ ಮಾಡಿದ್ದೆ. ನೀನು ತಡೆದೆ. ನಿನ್ನಿಂದ ತುಂಬಾ ಉಪಕಾರ ಆಯ್ತು ಮಗಳೇ."

ಹುಡುಗಿ ಎದ್ದು ನಿಂತಳು. "ಪರವಾಗಿಲ್ಲ ಮಿಸ್" ಎಂದಳು. ಅವಳ ಕಿವಿಯ ತುದಿ ಕೆಂಪಾಗಿತ್ತು.

ಮಕ್ಕಳೆಲ್ಲ ಮೆಟ್ಟಿಲಿಳಿದು ಹೋದರು. ಅವರ ಸದ್ದು ಗೇಟಿನವರೆಗೂ ಕೇಳಿ ನಿಂತಿತು. ಮೇಜಿನ ಮೇಲೆ ಆ ವಾರದ ಲೋಟಗಳು ಹಾಗೇ ಬಿದ್ದಿದ್ದವು, ತಳದಲ್ಲಿ ಸಕ್ಕರೆ ಒಣಗಿ ಇರುವೆ ಮುತ್ತಿತ್ತು. ನಾವಿಬ್ಬರೂ ಅವನ್ನು ಎತ್ತಿಕೊಂಡು ಹಿತ್ತಲ ನಲ್ಲಿಗೆ ಹೋದೆವು. ಅಕ್ಕ ಉಜ್ಜಿದರು, ನಾನು ತೊಳೆದೆ.

"ಒಳ್ಳೇ ಮಕ್ಕಳು" ಎಂದರು ಅಕ್ಕ.

"ಹೂಂ ಅಕ್ಕ" ಎಂದೆ.

ಅವರು ಇನ್ನೊಂದು ಲೋಟ ಕೈಗೆತ್ತಿಕೊಂಡು ಉಜ್ಜತೊಡಗಿದರು.